ಪೂರ್ವದ ಕುಂಚ, ಪಶ್ಚಿಮದ ಬಣ್ಣ ಮತ್ತು ತಾತಗುಣಿಯ ರೋರಿಕ್

ಬೆಂಗಳೂರಿನ ವಸಂತಪುರದಿಂದ ಕನಕಪುರ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ, ತಲಘಟ್ಟಪುರ ದಾಟಿದ ಮೇಲೆ ತಾತಗುಣಿ ಸಿಗುತ್ತದೆ. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಬಾಳಿದ್ದೂ ಮಣ್ಣಾದದ್ದೂ ಇಲ್ಲಿನ 468 ಎಕರೆಯ ತೋಟದಲ್ಲಿ. ನಟಿ ದೇವಿಕಾರಾಣಿಯ ಪತಿಯೆಂದೋ ದೊಡ್ಡದೊಂದು ಆಸ್ತಿ ವ್ಯಾಜ್ಯದ ನೆಪದಲ್ಲೋ ಅವರ ಹೆಸರು ಕೇಳಿದವರೇ ಹೆಚ್ಚು. ಚಿತ್ರಕಾರರಾಗಿ ಅವರ ತೂಕ ತಿಳಿಯಬೇಕಾದರೆ, ಪೂರ್ವ ಏಷ್ಯಾದ ಕುಂಚ, ಹಿಮಾಲಯದ ವರ್ಣ, ಯುರೋಪಿನ ಭಾವಚಿತ್ರ ಕಲೆ ಬೆಂಗಳೂರಿಗೆ ಬಂದು ಬೆರೆತ ನೂರು ವರ್ಷದ ಚರಿತ್ರೆಯೊಳಗೆ ಅವರನ್ನಿಟ್ಟು ನೋಡಬೇಕು.

ಆ ಚರಿತ್ರೆಯ ಮೊದಲ ಹೆಜ್ಜೆ ಕೊಲ್ಕತ್ತದಲ್ಲಿದೆ. 1903ರಲ್ಲಿ ಜಪಾನಿನ ಯೊಕೊಯಾಮ ತೈಕಾನ್ ಮತ್ತು ಹಿಶಿದಾ ಶುನ್ಸೊ ಅಲ್ಲಿಗೆ ಬಂದರು. ಅವರ ಕೈಯಲ್ಲಿದ್ದ ಶಾಯಿ-ಕುಂಚದ ಪರಂಪರೆಯ ಬೇರು ಚೀನಾದ್ದು. ಜೆನ್ ಸನ್ಯಾಸಿಗಳ ಮೂಲಕ ಅದು ಜಪಾನಿಗೆ ದಾಟಿತ್ತು. ಒದ್ದೆ ಕುಂಚವನ್ನು ತೈಕಾನ್ ಕಾಗದದ ಮೇಲೆ ಆಡಿಸುವುದನ್ನು ಕಂಡ ಅವನೀಂದ್ರನಾಥ ಠಾಕೂರರು ಚಿತ್ರವನ್ನೇ ನೀರಿನಲ್ಲಿ ಅದ್ದಿ, ಬಣ್ಣದ ಮೇಲೆ ಬಣ್ಣ ಇಳಿಸುವ ವಾಷ್ ತಂತ್ರವನ್ನು ರೂಪಿಸಿಕೊಂಡರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೊಲ್ಕತ್ತಕ್ಕೆ ಕಲಿಯಲು ಹೋಗಿದ್ದ ಕೆ. ವೆಂಕಟಪ್ಪ ಅವನೀಂದ್ರನಾಥರ ಶಿಷ್ಯರಾದರು. ರವಿವರ್ಮನ ತೈಲಚಿತ್ರಗಳೇ ಮಾದರಿಯಾಗಿದ್ದ ಮೈಸೂರಿನ ನೆಲಕ್ಕೆ ನೀರುಬಣ್ಣದ ಈ ಹೊಸ ಶಿಸ್ತು ಬಂದದ್ದು ಹೀಗೆ. ಊಟಿ, ಕೊಡೈಕೆನಾಲ್‌ಗಳನ್ನು ಬರೆಯುವ ಹೊತ್ತಿಗೆ ವೆಂಕಟಪ್ಪ ಗುರುವಿನ ಮಬ್ಬನ್ನು ಬಿಟ್ಟಿದ್ದರು. ಮಂಜು, ಬೆಳಕು, ಬೆಟ್ಟದ ಏರಿಳಿತಗಳನ್ನು ಪಾಶ್ಚಾತ್ಯ ನಿಸರ್ಗ ಚಿತ್ರಕಾರನ ನಿಖರತೆಯಿಂದ ಹಿಡಿದರು. ಕಲಿತದ್ದನ್ನು ಕಣ್ಣೆದುರಿನ ಪ್ರಕೃತಿಗೆ ಒಪ್ಪಿಸಿ ಪರೀಕ್ಷಿಸಿದ್ದೇ ಅವರ ದೊಡ್ಡತನ.

ಎರಡನೆಯ ಪ್ರವಾಹ ಇಳಿದದ್ದು ಕುಲು ಕಣಿವೆಯಿಂದ. ಸ್ವೆತೊಸ್ಲಾವರ ತಂದೆ ನಿಕೊಲಾಯ್ ರೋರಿಕ್ 1913ರಲ್ಲಿ ಸ್ಟ್ರಾವಿನ್ಸ್ಕಿಯ ಬ್ಯಾಲೆಗೆ ರಂಗಸಜ್ಜು ಬರೆದ ಖ್ಯಾತರು. 1923ರ ಕೊನೆಗೆ ಭಾರತಕ್ಕೆ ಬಂದು, ಲಡಾಖ್, ಮಂಗೋಲಿಯಾ, ಟಿಬೆಟ್ ಸುತ್ತಿ, ಕೊನೆಗೆ ಅದೇ ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದರು. ಬುದ್ಧ, ಕ್ರಿಸ್ತರ ಜೊತೆಗೆ ಲಾವೋ ತ್ಸು, ಕನ್‌ಫ್ಯೂಷಿಯಸ್‌ರನ್ನೂ ಅವರು ಒಂದೇ ಮಾಲಿಕೆಯಲ್ಲಿ ಚಿತ್ರಿಸಿದರು. ರಷ್ಯದ ದೇವಚಿತ್ರಗಳಲ್ಲಿ ಮೊಟ್ಟೆಯ ಹಳದಿಯಲ್ಲಿ ಕಲಸಿದ ವರ್ಣ, ಟಿಬೆಟಿನ ತಾಂಗ್ಕಾ ಪಟಚಿತ್ರಗಳಲ್ಲಿ ಅಂಟಿನಲ್ಲಿ ಕಲಸಿದ ಖನಿಜವರ್ಣ. ಎರಡರಲ್ಲೂ ಎಣ್ಣೆಯ ಹೊಳಪಿಲ್ಲ, ನೆರಳಿನ ಆಳಕ್ಕಿಂತ ಬಣ್ಣದ ಹರವೇ ಮುಖ್ಯ. ತಂದೆ ಹಿಮಾಲಯವನ್ನು ಬರೆದದ್ದೂ ಇಂಥದೇ ಎಣ್ಣೆಯಿಲ್ಲದ ಟೆಂಪೆರಾದಲ್ಲಿ.

ಮಗ ಅಮೆರಿಕದಲ್ಲಿ ವಾಸ್ತುಶಿಲ್ಪ ಓದಿ ಬಂದವರು. ತಂದೆಗೆ ಪರ್ವತ ಹೇಗೋ, ಸ್ವೆತೊಸ್ಲಾವರಿಗೆ ಮನುಷ್ಯನ ಮುಖ ಹಾಗೆ. ಟಿಬೆಟನ್ ನಿಲುವಂಗಿ ತೊಟ್ಟ ತಂದೆಯನ್ನು, ದೇವಿಕಾರಾಣಿಯನ್ನು ಮತ್ತೆ ಮತ್ತೆ ಬರೆದರು. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಭಾವಚಿತ್ರ ಅವರದೇ. 1945ರಲ್ಲಿ ಮದುವೆಯಾದ ದಂಪತಿ ಮುಂದೆ ಬೆಂಗಳೂರಿಗೆ ಬಂದರು. ಹಿಮಾಲಯದ ನೀಲಿ-ನೇರಳೆಗಳ ಪಕ್ಕದಲ್ಲಿ ದಕ್ಷಿಣದ ಕೆಮ್ಮಣ್ಣು, ಸಂಜೆಗೆಂಪು, ದುಡಿಯುವ ಹೆಣ್ಣುಗಂಡುಗಳ ಗಟ್ಟಿ ಹೊರರೇಖೆ ಸ್ವೆತೊಸ್ಲಾವರ ಚಿತ್ರಗಳಿಗೆ ಬಂದವು. ಮುಖದ ಮಾಂಸಲತೆಗೆ ಯುರೋಪಿನ ಕಟ್ಟು, ಹಿನ್ನೆಲೆಗೆ ಪೂರ್ವದ ಸಮತಲ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಜಗಳವಾಡದಂತೆ ಕೂರಿಸಿದ್ದು ಅವರ ಸಾಧನೆ. 1960ರಲ್ಲಿ ಮಾಸ್ಕೊ, ಲೆನಿನ್‌ಗ್ರಾಡ್‌ಗಳಲ್ಲಿ ಅವರ ಪ್ರದರ್ಶನ ನಡೆಯಿತು, 1961ರಲ್ಲಿ ಪದ್ಮಭೂಷಣ ಬಂತು.

ಅದೇ ಕಾಲಕ್ಕೆ ಕನ್ನಡದ ಕಲಾವಿದರೂ ತಮ್ಮ ತಮ್ಮ ದಾರಿಯಲ್ಲಿ ಈ ಬೆಸುಗೆಯನ್ನು ಹುಡುಕುತ್ತಿದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಪ್ಯಾರಿಸ್‌ನಲ್ಲಿ ಅಭ್ಯಾಸ ಮಾಡಿಯೂ ರೇಖೆಯ ಲಯಕ್ಕಾಗಿ ಯಕ್ಷಗಾನ, ನೃತ್ಯಗಳತ್ತ ತಿರುಗಿದರು. ಎ.ಎನ್. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ ಕಲಾಮಂದಿರದಲ್ಲಿ ಕಲಿತ ರುಮಾಲೆ ಚೆನ್ನಬಸವಯ್ಯ ಬೆಂಗಳೂರಿನ ಹೂಮರಗಳನ್ನು ದಟ್ಟ ವರ್ಣದ ಬಿಡಿ ಬಿಡಿ ಸ್ಪರ್ಶಗಳಲ್ಲಿ ಅರಳಿಸಿದರು. ಈ ಎಲ್ಲ ಹುಡುಕಾಟಕ್ಕೆ ಒಂದು ನೆಲೆ ಒದಗಿಸಿದ್ದು 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು. ಎಂ.ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಈ ಸಂಸ್ಥೆಯ ಬೆನ್ನಿಗೆ ರೋರಿಕ್ ನಿಂತರು. ಅಪ್ಪ-ಮಗ ಇಬ್ಬರ ಚಿತ್ರಗಳೂ ಇಂದು ಅಲ್ಲಿ ನೋಡಸಿಗುತ್ತವೆ. ವಲಸೆ ಬಂದ ಕಲಾವಿದನೊಬ್ಬ ಊರಿಗೆ ಕೊಡಬಹುದಾದ ಅತ್ಯುತ್ತಮ ಕೊಡುಗೆ ಇದು: ಮುಂದಿನವರು ದಿನವೂ ಹೋಗಿ ನಿಂತು ಕಲಿಯಬಹುದಾದ ಮೂಲಕೃತಿ.

ರೋರಿಕ್ 1993ರ ಜನವರಿಯಲ್ಲಿ, ದೇವಿಕಾರಾಣಿ 1994ರ ಮಾರ್ಚ್‌ನಲ್ಲಿ ತೀರಿಕೊಂಡರು. ಸುಗಂಧ ತೈಲಕ್ಕಾಗಿ ಲಿನಾಲೋ ಮರ ಬೆಳೆಸಿದ್ದ ತಾತಗುಣಿ ತೋಟವನ್ನು ರಾಜ್ಯ ಸರ್ಕಾರ 1996ರ ಕಾಯ್ದೆಯ ಮೂಲಕ ಸ್ವಾಧೀನಕ್ಕೆ ತೆಗೆದುಕೊಂಡಿತು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2011ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನು ಮಾಡಬೇಕಾದದ್ದನ್ನು ಮಾಡಿದೆ. ಉಳಿದದ್ದು ಕಲೆಯ ಕೆಲಸ. ತಾತಗುಣಿ ಬರೀ ಸ್ಮಾರಕವಾದರೆ ಸಾಲದು. ವಾಷ್, ಟೆಂಪೆರಾ, ಖನಿಜವರ್ಣಗಳನ್ನು ಅರೆದು, ಕಲಸಿ, ಬರೆದು ಕಲಿಯುವ ಶಾಲೆ ಅಲ್ಲಿರಬೇಕು. ಠಾಕೂರರಿಂದ ವೆಂಕಟಪ್ಪನವರಿಗೆ, ತಂದೆ ರೋರಿಕ್‌ರಿಂದ ಮಗನಿಗೆ ಪರಂಪರೆ ದಾಟಿದ್ದು ಕೈಯಿಂದ ಕೈಗೆ. ಮೆಟ್ರೊ ಈಗ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಓಡುತ್ತಿದೆ. ವಸಂತಪುರದ ಶಾಲಾ ಮಕ್ಕಳಿಗೆ ಆ ತೋಟ ದೂರವೇನಲ್ಲ. ಅವರ ಕೈಗೆ ಕುಂಚ ಕೊಡುವ ಹೊಣೆ ನಮ್ಮದು.