ನಾಡಿ ನಿಂತಿತೆ?

ಅಜ್ಜಂಪುರದಲ್ಲಿ ರೈಲು ಹತ್ತಿ ಉತ್ತರಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಹೊಸದುರ್ಗ ರೋಡ್ ಬರುತ್ತದೆ. ಅಲ್ಲಿಂದ ಚಿತ್ರದುರ್ಗದ ಸೀಮೆ. 1888ರಲ್ಲಿ ಆ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದವರು ತಿರುಮಲೈ ಕೃಷ್ಣಮಾಚಾರ್ಯರು. ಈ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು; 1934ರಲ್ಲಿ ಕನ್ನಡದಲ್ಲಿಯೇ ‘ಯೋಗಮಕರಂದ’ವನ್ನು ಪ್ರಕಟಿಸಿದರು. ಬಾಲ್ಯವನ್ನೆಲ್ಲ ಕಾಯಿಲೆಯಲ್ಲಿ ಕಳೆದು, ಮುಂದೆ ಲೋಕಪ್ರಸಿದ್ಧರಾದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರರು ಇವರ ಶಿಷ್ಯರೇ.

1935ರಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಯೋಗಿಗಳ ಎದೆಬಡಿತವನ್ನು ಯಂತ್ರದಿಂದ ಅಳೆದರು. ಆಚಾರ್ಯರು ಹೃದಯವನ್ನೇ ನಿಲ್ಲಿಸಿದರೆಂಬ ಮಾತು ಹಬ್ಬಿತು. 1961ರಲ್ಲಿ ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಯೋಗಿಗಳನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು: ಉಸಿರು ಕಟ್ಟಿ ಎದೆ ಹೊಟ್ಟೆಗಳ ಸ್ನಾಯು ಬಿಗಿದಾಗ ಕೈಯ ನಾಡಿ ಕ್ಷೀಣವಾಗುತ್ತದೆ, ಹೃದಯವು ಬಡಿಯುತ್ತಲೇ ಇರುತ್ತದೆ.

ಪವಾಡ ಹೋಯಿತು. ಉಳಿದದ್ದೇನು? ಉಳಿದದ್ದೇ ಹೆಚ್ಚಿನದೆಂದು ನನ್ನ ಭಾವನೆ. 1972ರಲ್ಲಿ ಅಮೆರಿಕದ ವ್ಯಾಲೇಸ್ ಮತ್ತು ಬೆನ್ಸನ್, ಧ್ಯಾನಕ್ಕೆ ಕುಳಿತವರ ದೇಹ ಆಮ್ಲಜನಕವನ್ನು ಕಡಿಮೆ ಬಳಸುವುದನ್ನೂ ಎದೆಬಡಿತ ಇಳಿಯುವುದನ್ನೂ ವರದಿ ಮಾಡಿದರು. ಹೃದಯಕ್ಕೆ ನಾವು ನೇರವಾಗಿ ಅಪ್ಪಣೆ ಕೊಡಲಾರೆವು, ಉಸಿರಿಗೆ ಕೊಡಬಲ್ಲೆವು. ಉಸಿರನ್ನು ನೀಳವಾಗಿ ಬಿಡುತ್ತ ಹೋದರೆ ಬಡಿತ ತಾನಾಗಿ ನಿಧಾನವಾಗುತ್ತದೆ. ಇದು ವೈದ್ಯರು ಕೊಟ್ಟ ಔಷಧವನ್ನು ಬಿಡಿಸುವ ಮಂತ್ರವಲ್ಲ. ಬೆಂಚಿನ ಮೇಲೆ ಕುಳಿತೂ ಮಾಡಬಹುದಾದ ಅಭ್ಯಾಸ, ಅಷ್ಟೆ.

ರೈಲು ತಡವಾದಾಗ ನಾನೂ ಮಾಡುತ್ತೇನೆ. ರೈಲೇನೋ ಬೇಗ ಬರುವುದಿಲ್ಲ. ನನ್ನ ಸಿಡುಕು ಮಾತ್ರ ಬೇಗ ಇಳಿಯುತ್ತದೆ.