ಮನೆಕೂಟದ ಮಾರಾಟ: ಉಪ ಆದಾಯದ ದಾರಿ, ಎಚ್ಚರವೂ ಅಗತ್ಯ

ಪರಿಚಿತರನ್ನು ಮನೆಗೆ ಆಹ್ವಾನಿಸಿ, ಚಹಾ-ಉಪಾಹಾರದ ನಡುವೆ ವಸ್ತುಗಳನ್ನು ಪ್ರದರ್ಶಿಸಿ ಮಾರುವ ಪದ್ಧತಿಯೇ ಮನೆಕೂಟದ ಮಾರಾಟ. 1950ರ ದಶಕದಲ್ಲಿ ಅಮೆರಿಕದ ಬ್ರೌನಿ ವೈಸ್ ಟಪ್ಪರ್‌ವೇರ್ ಡಬ್ಬಗಳ ಮೂಲಕ ಇದನ್ನು ಜನಪ್ರಿಯಗೊಳಿಸಿದರು. 1996ರಲ್ಲಿ ಆ ಕಂಪನಿ ಭಾರತಕ್ಕೆ ಬಂದ ಬಳಿಕ ಇಲ್ಲಿನ ಗೃಹಿಣಿಯರಿಗೂ ಇದು ಪರಿಚಿತವಾಯಿತು.

ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಇಂಥ ಕೂಟಕ್ಕೆ ಹೊರಗಿನ ಸರಕೇ ಬೇಕೆಂದಿಲ್ಲ. ಹಳೆಯ ಬಟ್ಟೆಯ ತುಂಡುಗಳನ್ನು ಕೈಹೊಲಿಗೆಯಿಂದ ಜೋಡಿಸಿ ಸಿದ್ದಿ ಮಹಿಳೆಯರು ಸಿದ್ಧಪಡಿಸುವ ಕೌದಿ, ಜೋಯಿಡಾದ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸು ಹೆಸರುವಾಸಿ. ಚಳಿಗಾಲದಲ್ಲಿ ಪರ ಊರುಗಳಿಗೆ ತೆರಳಿ ಸ್ವೆಟರ್ ಮಾರುವುದು ಮುಂಡಗೋಡದ ಟಿಬೆಟನ್ನರ ಹಳೆಯ ಉಪವೃತ್ತಿ.

ಕೌದಿಯೊಂದಕ್ಕೆ ಹಲವು ದಿನಗಳ ದುಡಿಮೆ ಬೇಕು. ಆದ್ದರಿಂದ ಬೆಲೆ ನಿಗದಿಯಲ್ಲಿ ದಾರದ ಖರ್ಚಿನೊಂದಿಗೆ ಕೂಲಿಯನ್ನೂ ಸೇರಿಸುವುದು ಅವಶ್ಯ. ಮನೆಯಲ್ಲಿ ತಯಾರಿಸಿದ ಆಹಾರ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯಬೇಕು.

ಕಂಪನಿಗಳ ಸರಕು ಮಾರುವವರು ಒಂದು ವಿಷಯವನ್ನು ಮರೆಯಬಾರದು. ಆದಾಯವು ಸರಕಿನ ಮಾರಾಟದಿಂದ ಬರಬೇಕೇ ಹೊರತು ಹೊಸ ಸದಸ್ಯರ ಸೇರ್ಪಡೆಯಿಂದಲ್ಲ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ. ಹಣ ಚಲಾವಣೆ ಯೋಜನೆಗಳಿಗೆ 1978ರ ಕಾಯ್ದೆಯಲ್ಲೇ ನಿಷೇಧವಿದೆ. ಗುರುತಿನ ಚೀಟಿ ಹಾಗೂ ಪೂರ್ವಾನುಮತಿ ಇಲ್ಲದೆ ಮಾರಾಟಗಾರರು ಗ್ರಾಹಕರ ಮನೆಗೆ ಹೋಗುವಂತಿಲ್ಲ.

ಇಂಥ ಯೋಜನೆಗಳಲ್ಲಿ ಮೊದಲು ಸೇರುವವರು ನೆರೆಹೊರೆಯವರು ಹಾಗೂ ಬಂಧುಗಳೇ. ಹಣ ಮುಳುಗಿದರೆ ವಿಶ್ವಾಸವೂ ಮುಳುಗುತ್ತದೆ. ಸಂದೇಹವಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು.