ನಿಂತು ಸಾಗಿದ ಕಿಂಗ್ ಕೋಬ್ರಾ

ಅಮೆರಿಕದ ಓಹಾಯೋ ರಾಜ್ಯದ ಕಿಂಗ್ಸ್ ಐಲೆಂಡ್ ಮನರಂಜನಾ ಉದ್ಯಾನದಲ್ಲಿ 1984ರಲ್ಲಿ ಓಡಾಟ ಆರಂಭಿಸಿದ ಕಿಂಗ್ ಕೋಬ್ರಾ, ಸವಾರರು ನಿಂತುಕೊಂಡೇ ಸಾಗಬೇಕೆಂದು ಆರಂಭದಿಂದಲೇ ಉದ್ದೇಶಿಸಿ ರೂಪಿಸಿದ ಮೊದಲ ರೋಲರ್ ಕೋಸ್ಟರ್ ಎಂದು ಹೆಸರಾಯಿತು. ಇದನ್ನು ನಿರ್ಮಿಸಿದ ಜಪಾನಿನ ಟೋಗೊ ಸಂಸ್ಥೆಯು ಅದಕ್ಕೂ ಮುಂಚೆ, 1982ರಲ್ಲಿ, ತನ್ನ ದೇಶದಲ್ಲಿ ಮೊದಲೇ ಇದ್ದ ಹಳಿಗಳ ಮೇಲೆ ನಿಲ್ಲುವ ಬಂಡಿಗಳನ್ನು ಓಡಿಸಿತ್ತು. ಕಾಲುಗಳ ನಡುವೆ ಬರುವ, ಸೈಕಲ್ಲಿನ ಸೀಟನ್ನು ಹೋಲುವ ಚಿಕ್ಕ ಆಸರೆಯನ್ನು ಪ್ರತಿಯೊಬ್ಬರ ಎತ್ತರಕ್ಕೆ ತಕ್ಕಂತೆ ಸರಿಸಿ, ಭುಜದ ಮೇಲಿನ ಪಟ್ಟಿಯನ್ನು ಬಿಗಿದ ನಂತರವೇ ಬಂಡಿ ಹೊರಡಬಹುದಾಗಿತ್ತು. ಹಳಿಯು ಪೂರ್ಣ ವೃತ್ತವಾಗಿ ಮೇಲೇರಿ ಇಳಿಯುವ ಸುತ್ತಿನಲ್ಲಿ, ಅಂದರೆ ಲೂಪಿನಲ್ಲಿ, ದೇಹದ ಭಾರ ಹಲವು ಪಟ್ಟು ಹೆಚ್ಚಿದಂತಾಗಿ ಅದೆಲ್ಲವೂ ಕಾಲುಗಳ ಮೇಲೆಯೇ ಬೀಳುತ್ತಿದ್ದುದು ಈ ವಿನ್ಯಾಸದ ರೋಮಾಂಚನವೂ ಹೌದು, ಮಿತಿಯೂ ಹೌದು. 2001ರಲ್ಲಿ ಟೋಗೊ ದಿವಾಳಿಯಾಯಿತು. ಅದೇ ವರ್ಷ ಕಿಂಗ್ ಕೋಬ್ರಾ ನಿವೃತ್ತವಾಗಿ, ಮುಂದೆ ಅದನ್ನು ಕಳಚಿ ಹಾಕಲಾಯಿತು.